ನಕ್ಷೆಯ ತುಂಡುಗೆರೆ ಮಾಯವಾಗುವುದೇಕೆ? ಕ್ಯಾಡ್‌ನಲ್ಲಿ ನಮ್ಮದೇ ಲೈನ್‌ಟೈಪ್ ಮಾಡಿಕೊಳ್ಳುವ ಲೆಕ್ಕ

ನಮ್ಮ ಪರಿಚಯದ ಕುಟುಂಬವೊಂದು 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿತ್ತು. ಹಾಲ್‌ಗೂ ಊಟದ ಕೋಣೆಗೂ ನಡುವೆ ಗೋಡೆ ಬೇಡ, ಮೇಲೆ ಬೀಮ್ ಮಾತ್ರ ಇರಲಿ ಎಂದು ಮನೆಯವರು ಮೊದಲೇ ಹೇಳಿದ್ದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅದೇ ಜಾಗದಲ್ಲಿ ಸುಣ್ಣದ ಪುಡಿಯಿಂದ ಗೋಡೆಯ ಗುರುತು ಬಿದ್ದಿತ್ತು. ಕೇಳಿದರೆ ಮೇಸ್ತ್ರಿ ಹಾಳೆ ಬಿಡಿಸಿ ತೋರಿಸಿದರು: "ಪ್ಲ್ಯಾನಲ್ಲಿ ಹೀಗೇ ಐತಲ್ಲ ಸಾರ್, ಗೋಡೆ ಅಂತ್ಲೇ ತೋರ್ಸವ್ರೆ."

ಅವರು ಹೇಳಿದ್ದು ನಿಜ. ಒಂಬತ್ತು ಇಂಚಿನ ಗೋಡೆಯನ್ನೂ ಒಂಬತ್ತು ಇಂಚಿನ ಬೀಮನ್ನೂ ನಕ್ಷೆಯಲ್ಲಿ ಎರಡು ಸಮಾನಾಂತರ ಗೆರೆಗಳಿಂದಲೇ ತೋರಿಸುತ್ತಾರೆ. ಗೋಡೆಯದು ಅಖಂಡ ಗೆರೆ, ತಲೆಯ ಮೇಲಿರುವ ಬೀಮಿನದು ತುಂಡುಗೆರೆ. ಆ ಹಾಳೆಯಲ್ಲಿ ಎರಡೂ ಅಖಂಡವಾಗಿಯೇ ಅಚ್ಚಾಗಿದ್ದವು. ನಕ್ಷೆ ಬರೆದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: "ನನ್ನ ಸಿಸ್ಟಮ್‌ನಲ್ಲಿ ಸರಿಯಾಗೇ ಕಾಣ್ತಿದೆ ಸಾರ್, ಪ್ರಿಂಟರ್ ಪ್ರಾಬ್ಲಮ್ ಇರ್ಬೇಕು."

ಇಟ್ಟಿಗೆ ಏಳುವ ಮೊದಲೇ ಗೊತ್ತಾದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಆದರೆ "ಪ್ರಿಂಟರ್ ಪ್ರಾಬ್ಲಮ್" ಎಂಬ ಮಾತು ಕ್ಯಾಡ್ ಬಳಸುವವರಲ್ಲಿ ಬಹಳ ಚಾಲ್ತಿಯಲ್ಲಿದೆ. ತುಂಡುಗೆರೆ ಮಾಯವಾದಾಗ ತಪ್ಪು ಪ್ರಿಂಟರಿನದಾಗಿರುವುದು ಅಪರೂಪ. ಹೆಚ್ಚಿನ ಸಲ ಅದು ಅಳತೆಯ ಲೆಕ್ಕದ ತಪ್ಪು. ಆ ಲೆಕ್ಕ ಅರ್ಥವಾದರೆ ಬೇಕಾದ ತುಂಡುಗೆರೆಯನ್ನು ನಾವೇ ಮಾಡಿಕೊಳ್ಳಬಹುದು. ಅದು ಹೇಗೆ ಎಂದು ಈ ಲೇಖನದಲ್ಲಿ ನೋಡೋಣ.

ತುಂಡುಗೆರೆ ಬರೀ ಅಲಂಕಾರವೇ?

ಅಲ್ಲ. ನಕ್ಷೆಯಲ್ಲಿ ಪ್ರತಿಯೊಂದು ಬಗೆಯ ಗೆರೆಗೂ ಅರ್ಥವಿದೆ. ಮನೆಯ ಪ್ಲ್ಯಾನ್ ಎಂದರೆ ಕಟ್ಟಡವನ್ನು ಕಿಟಕಿಯ ಎತ್ತರದಲ್ಲಿ ಅಡ್ಡಲಾಗಿ ಕತ್ತರಿಸಿ ಮೇಲಿನಿಂದ ನೋಡಿದಂತೆ. ಕಣ್ಣಿಗೆ ನೇರವಾಗಿ ಕಾಣುವ ಅಂಚುಗಳಿಗೆ ಅಖಂಡ ಗೆರೆ. ಕತ್ತರಿಸಿದ ಮಟ್ಟಕ್ಕಿಂತ ಮೇಲಿರುವ ಬೀಮ್, ಸಜ್ಜಾ, ಲಾಫ್ಟ್ ಮುಂತಾದವಕ್ಕೂ ನೆಲದಡಿ ಅಡಗಿರುವ ಸಂಪ್, ಒಳಚರಂಡಿ ಕೊಳವೆಗಳಿಗೂ ತುಂಡುಗೆರೆ. ಉದ್ದ ಗೀಟು, ಚಿಕ್ಕ ಗೀಟು ಅಥವಾ ಚುಕ್ಕೆ ಒಂದಾದ ಮೇಲೊಂದು ಬಂದರೆ ಅದು ಮಧ್ಯರೇಖೆ. ಸರ್ವೆ ಆಫ್ ಇಂಡಿಯಾದ ಭೂಪಟಗಳಲ್ಲಿಯೂ ದೇಶ, ರಾಜ್ಯ, ಜಿಲ್ಲೆಗಳ ಗಡಿಗಳಿಗೆ ಬೇರೆ ಬೇರೆ ಬಗೆಯ ತುಂಡುಗೆರೆಗಳಿವೆ.

"ಬಣ್ಣ ಬಳಸಿದರೆ ಸಾಕಲ್ಲ?" ಎಂದು ನೀವು ಕೇಳಬಹುದು. ಬಣ್ಣದ ಪ್ರಿಂಟನ್ನು ಒಮ್ಮೆ ಝೆರಾಕ್ಸ್ ಮಾಡಿಸಿ ನೋಡಿ. ಕೆಂಪು, ನೀಲಿ, ಹಸಿರು ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗಿರುತ್ತವೆ. ಕಟ್ಟಡದ ಜಾಗಕ್ಕೆ ಹೋಗುವುದು ಹೆಚ್ಚಾಗಿ ಆ ಝೆರಾಕ್ಸ್ ಪ್ರತಿಯೇ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಗುರುತಿಸಲು ಕಷ್ಟಪಡುವವರೂ ನಮ್ಮ ನಡುವೆ ಇದ್ದಾರೆ. ಬಣ್ಣ ಹೋದರೂ ಗೀಟು ಮತ್ತು ತೆರಪು ಉಳಿಯುತ್ತವೆ. ಅದಕ್ಕೇ ಇಂದಿಗೂ ನಕ್ಷೆಯ ವ್ಯಾಕರಣ ನಿಂತಿರುವುದು ಗೆರೆಯ ಬಗೆಯ ಮೇಲೆ.

ಕಂಪ್ಯೂಟರಿಗೆ ತುಂಡುಗೆರೆ ಹೇಗೆ ಅರ್ಥವಾಗುತ್ತದೆ?

ಕ್ಯಾಡ್ ಹೊಸದಾಗಿ ಕಲಿಯುವ ಕೆಲವರು ಚಿಕ್ಕ ಚಿಕ್ಕ ಗೆರೆಗಳನ್ನು ಸಾಲಾಗಿ ಎಳೆದು ತುಂಡುಗೆರೆ ಮಾಡುವುದುಂಟು. ನೋಡಲು ಸರಿಯಿದ್ದರೂ ಅದು ತಪ್ಪು ದಾರಿ. ಹಾಗೆ ಮಾಡಿದ ಗೆರೆಯನ್ನು ಉದ್ದ ಮಾಡುವುದೂ ಅದರ ಅಳತೆ ತೆಗೆಯುವುದೂ ತಲೆನೋವು.

ಕಂಪ್ಯೂಟರಿನ ಒಳಗೆ ತುಂಡುಗೆರೆ ಕೂಡ ಒಂದೇ ಗೆರೆ. ಆರಂಭದ ಬಿಂದು, ಕೊನೆಯ ಬಿಂದು, ಜೊತೆಗೆ "ಇದನ್ನು ಹೀಗೆ ತೋರಿಸು" ಎಂಬ ಒಂದು ನಿಯಮ, ಅಷ್ಟೇ. ಆ ನಿಯಮವನ್ನು ಲೈನ್‌ಟೈಪ್ ಎನ್ನುತ್ತಾರೆ. ಆಟೋಕ್ಯಾಡ್‌ನಲ್ಲಿ ಈ ನಿಯಮಗಳು 'ಲಿನ್' ಎಂಬ ವಿಸ್ತರಣೆಯ ಕಡತದಲ್ಲಿರುತ್ತವೆ. ಅದೊಂದು ಸಾಧಾರಣ ಪಠ್ಯ ಕಡತ, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಬ್ರಿಕ್ಸ್‌ಕ್ಯಾಡ್‌ನಂತಹ ಬೇರೆ ತಂತ್ರಾಂಶಗಳೂ ಇದೇ ಬಗೆಯ ಕಡತವನ್ನು ಓದುತ್ತವೆ.

ಪ್ರತಿಯೊಂದು ಲೈನ್‌ಟೈಪ್‌ಗೂ ಎರಡು ಸಾಲು. ಮೊದಲ ಸಾಲಿನಲ್ಲಿ ನಕ್ಷತ್ರ ಚಿಹ್ನೆ, ಹೆಸರು, ಅಲ್ಪವಿರಾಮ, ಪುಟ್ಟ ವಿವರಣೆ. ಎರಡನೆಯ ಸಾಲಿನಲ್ಲಿ 'ಎ' ಎಂಬ ಅಕ್ಷರ, ನಂತರ ಒಂದಿಷ್ಟು ಸಂಖ್ಯೆಗಳು. ಮೆಟ್ರಿಕ್ ಕಡತದಲ್ಲಿರುವ 'ಡ್ಯಾಶ್ಡ್' ಲೈನ್‌ಟೈಪ್ ಹೀಗಿದೆ (ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ):

*ಡ್ಯಾಶ್ಡ್,ಡ್ಯಾಶ್ಡ್ __ __ __ __
ಎ,12.7,-6.35

ಓದುವುದು ಸುಲಭ. ಧನ ಸಂಖ್ಯೆ ಎಂದರೆ ಪೆನ್ ಕೆಳಗೆ, ಅಷ್ಟು ಉದ್ದ ಗೀಟು ಎಳೆ. ಋಣ ಸಂಖ್ಯೆ ಎಂದರೆ ಪೆನ್ ಮೇಲೆ, ಅಷ್ಟು ಉದ್ದ ತೆರಪು ಬಿಡು. ಸೊನ್ನೆ ಎಂದರೆ ಒಂದು ಚುಕ್ಕೆ ಇಡು. 1982ರ ಡಿಸೆಂಬರಿನಲ್ಲಿ ಆಟೋಕ್ಯಾಡ್ ಬಂದ ಕಾಲಕ್ಕೆ ದೊಡ್ಡ ಹಾಳೆಗಳ ಮೇಲೆ ನಕ್ಷೆ ಬರೆಯುತ್ತಿದ್ದದ್ದು ನಿಜವಾದ ಪೆನ್ ಹಿಡಿದ ಪ್ಲಾಟರ್ ಯಂತ್ರ. ಆ ಯಂತ್ರಗಳು ಮೂಲೆ ಸೇರಿದರೂ "ಪೆನ್ ಮೇಲೆ, ಪೆನ್ ಕೆಳಗೆ" ಎಂಬ ಮಾತು ಹಾಗೇ ಉಳಿದಿದೆ.

'ಎ' ಅಕ್ಷರಕ್ಕೂ ಕೆಲಸವಿದೆ. ಗೆರೆಯ ಎರಡೂ ತುದಿಗಳಲ್ಲಿ ತೆರಪು ಬರದೆ ಗೀಟೇ ಬರುವಂತೆ ಅದು ಹೊಂದಿಸುತ್ತದೆ. ಅಗತ್ಯ ಬಿದ್ದರೆ ಮೊದಲ ಮತ್ತು ಕೊನೆಯ ಗೀಟನ್ನು ತುಸು ಉದ್ದ ಮಾಡುತ್ತದೆ. ಮೂಲೆಯಲ್ಲಿ ತುಂಡುಗೆರೆಗಳು ಗೀಟಿನಿಂದಲೇ ಕೂಡಬೇಕು ಎಂದು ಕೈಯಲ್ಲಿ ನಕ್ಷೆ ಬರೆಯುವವರು ಪಾಲಿಸುತ್ತಿದ್ದ ನಿಯಮವನ್ನೇ ಇದು ಮುಂದುವರಿಸಿದೆ. ಒಂದು ಸುತ್ತಿನ ಗೀಟು, ತೆರಪುಗಳೂ ಹಿಡಿಸದಷ್ಟು ಗೆರೆ ಚಿಕ್ಕದಿದ್ದರೆ ತಂತ್ರಾಂಶ ಅದನ್ನು ಅಖಂಡವಾಗಿಯೇ ಎಳೆದುಬಿಡುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮದೇ ಲೈನ್‌ಟೈಪ್‌ನಲ್ಲಿ ಗೀಟಿನ ಉದ್ದ ಎಷ್ಟಿರಬೇಕು?

ಕಣ್ಣಳತೆಯಲ್ಲಿ ಏನೋ ಒಂದು ಸಂಖ್ಯೆ ಹಾಕಬೇಕಿಲ್ಲ. ಗೆರೆಗಳ ಬಗ್ಗೆ ಐಎಸ್‌ಒ 128 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ ಶಾಲೆ ಮತ್ತು ಕಾಲೇಜುಗಳಿಗಾಗಿ ಹೊರತಂದಿರುವ ಎಸ್‌ಪಿ 46 : 2003 ಎಂಬ ಕೈಪಿಡಿಯೂ ಇದೆ. ಐಎಸ್‌ಒ ಮಾನಕ ಗೀಟಿನ ಉದ್ದವನ್ನು ಮಿಲಿಮೀಟರಿನಲ್ಲಿ ಹೇಳದೆ ಗೆರೆಯ ದಪ್ಪದ ಪಟ್ಟಿನಲ್ಲಿ ಹೇಳುತ್ತದೆ. ತುಂಡುಗೆರೆಯಲ್ಲಿ ಗೀಟು ದಪ್ಪದ 12 ಪಟ್ಟು, ತೆರಪು 3 ಪಟ್ಟು. ಮಧ್ಯರೇಖೆಯ ಉದ್ದ ಗೀಟು 24 ಪಟ್ಟು.

ಹೀಗೆ ಮಾಡುವುದರಲ್ಲಿ ಒಂದು ಜಾಣತನವಿದೆ. ದಪ್ಪಗಳ ಸರಣಿ 0.25, 0.35, 0.5, 0.7 ಮಿಲಿಮೀಟರ್ ಹೀಗೆ ಸಾಗುತ್ತದೆ. ಒಂದೊಂದೂ ಹಿಂದಿನದಕ್ಕಿಂತ ಸುಮಾರು 1.4 ಪಟ್ಟು. ಎ4 ಹಾಳೆಯಿಂದ ಎ3 ಹಾಳೆಗೆ ಉದ್ದ ಮತ್ತು ಅಗಲ ಹಿಗ್ಗುವುದೂ ಅಷ್ಟೇ ಪಟ್ಟು. ಹಾಗಾಗಿ ಎ3 ನಕ್ಷೆಯನ್ನು ಎ4ಗೆ ಕುಗ್ಗಿಸಿ ಝೆರಾಕ್ಸ್ ಮಾಡಿದರೆ 0.5ರ ಗೆರೆ 0.35 ಆಗುತ್ತದೆ, ಗೀಟು ಮತ್ತು ತೆರಪು ಕೂಡ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ನಕ್ಷೆಯ ಚಹರೆ ಕೆಡುವುದಿಲ್ಲ.

ಈಗ ನಮ್ಮ ಬೀಮ್‌ಗೆ ಒಂದು ಲೈನ್‌ಟೈಪ್ ಮಾಡೋಣ. ಗೆರೆಯ ದಪ್ಪ 0.35 ಎಂದುಕೊಳ್ಳಿ. ಗೀಟು 0.35 x 12, ಅಂದರೆ 4.2. ತೆರಪು 0.35 x 3, ಅಂದರೆ 1.05. ನೋಟ್‌ಪ್ಯಾಡ್ ತೆರೆದು ಬರೆಯಬೇಕಾದದ್ದು ಇಷ್ಟೇ:

*ಮೇಲಿನಬೀಮ್,ತಲೆಯ ಮೇಲಿನ ಬೀಮ್ __ __ __ __
ಎ,4.2,-1.05

ಕೊನೆಯ ಸಾಲಿನ ಬಳಿಕ ಒಮ್ಮೆ ಎಂಟರ್ ಒತ್ತುವುದನ್ನು ಮರೆಯಬೇಡಿ. ಮರೆತರೆ ಆ ಸಾಲನ್ನು ಓದುವಾಗ ತೊಂದರೆಯಾಗಬಹುದು. ಕಡತವನ್ನು ಲಿನ್ ವಿಸ್ತರಣೆಯಲ್ಲಿ ಉಳಿಸಿ, ಆಟೋಕ್ಯಾಡ್‌ನಲ್ಲಿ 'ಲೈನ್‌ಟೈಪ್' ಆದೇಶ ಕೊಟ್ಟು, 'ಲೋಡ್' ಒತ್ತಿ ಕಡತವನ್ನು ಆರಿಸಿ. ನಂತರ ಬೀಮ್‌ಗಳಿಗೆಂದೇ ಇರುವ ಲೇಯರ್‌ಗೆ ಈ ಲೈನ್‌ಟೈಪ್ ಹಚ್ಚಿ. ಒಂದೊಂದು ಗೆರೆಗೂ ಬೇರೆ ಬೇರೆಯಾಗಿ ಹಚ್ಚುವುದಕ್ಕಿಂತ ಲೇಯರ್‌ಗೆ ಹಚ್ಚುವುದು ಒಳ್ಳೆಯದು. ನಾಳೆ ಬದಲಾವಣೆ ಬೇಕೆಂದರೆ ಒಂದೇ ಕಡೆ ಬದಲಿಸಿದರೆ ಸಾಕು.

ಗೆರೆಯ ನಡುವೆ ಅಕ್ಷರಗಳೂ ಬರುವಂತೆ ಮಾಡಬಹುದು. ಆಟೋಕ್ಯಾಡ್ ಜೊತೆ ಬರುವ ಕಡತದಲ್ಲೇ ಗೀಟುಗಳ ನಡುನಡುವೆ 'ಗ್ಯಾಸ್' ಎಂದು ಕಾಣುವ ಲೈನ್‌ಟೈಪ್ ಇದೆ. ಅದೇ ಮಾದರಿಯಲ್ಲಿ ಮಳೆನೀರಿನ ಕೊಳವೆಗೆ ಒಂದು ಮಾಡಿಕೊಳ್ಳಬಹುದು: 10 ಮಿಲಿಮೀಟರ್ ಗೀಟು, 1 ಮಿಲಿಮೀಟರ್ ತೆರಪು, 2 ಮಿಲಿಮೀಟರ್ ಎತ್ತರದ ಎರಡು ಅಕ್ಷರ, ಆ ಅಕ್ಷರಗಳು ಕೂರಲು ಮತ್ತೆ 5 ಮಿಲಿಮೀಟರ್ ತೆರಪು. ಅಕ್ಷರದ ವಿವರವನ್ನು ಚೌಕ ಆವರಣದೊಳಗೆ ಬರೆಯಬೇಕು. ಅಕ್ಷರ ಯಾವಾಗಲೂ ನೆಟ್ಟಗೆ ಓದುವಂತಿರಲಿ ಎಂದು ಹೇಳಲು ಅಲ್ಲಿ 'ಯು' ಎಂಬ ಸೂಚನೆ ಇದೆ. ಅದಿಲ್ಲದಿದ್ದರೆ ಬಲದಿಂದ ಎಡಕ್ಕೆ ಎಳೆದ ಗೆರೆಯಲ್ಲಿ ಅಕ್ಷರಗಳು ತಲೆಕೆಳಗಾಗಬಹುದು.

ಹಾಗಾದರೆ ಬೀಮಿನ ಗೆರೆ ಅಖಂಡವಾಗಿದ್ದು ಏಕೆ?

ಆ ನಕ್ಷೆಯನ್ನು ಮಿಲಿಮೀಟರಿನಲ್ಲಿ, ನಿಜವಾದ ಅಳತೆಯಲ್ಲಿ ಬರೆದಿದ್ದರು. ಕ್ಯಾಡ್‌ನಲ್ಲಿ ಹಾಗೇ ಬರೆಯಬೇಕು. ಆದರೆ ಲೈನ್‌ಟೈಪ್‌ನ ಗೀಟು ಕೂಡ ಅದೇ ಲೋಕದಲ್ಲಿ ಬಾಳಬೇಕಲ್ಲ!

ಸೈಟಿನ 40 ಅಡಿಯ ಬದಿಯನ್ನೇ ತೆಗೆದುಕೊಳ್ಳಿ. 40 ಅಡಿ ಎಂದರೆ 12,192 ಮಿಲಿಮೀಟರ್. 'ಡ್ಯಾಶ್ಡ್' ಲೈನ್‌ಟೈಪ್‌ನ ಒಂದು ಸುತ್ತು 12.7 + 6.35 = 19.05 ಮಿಲಿಮೀಟರ್. ಭಾಗಿಸಿದರೆ ಆ ಬದಿಯಲ್ಲಿ 640 ಸುತ್ತು! 1:100ರಲ್ಲಿ ಪ್ರಿಂಟ್ ಮಾಡಿದಾಗ ಆ ಬದಿ ಕಾಗದದ ಮೇಲೆ 12 ಸೆಂಟಿಮೀಟರ್ ಚಿಲ್ಲರೆ. ಅಷ್ಟರೊಳಗೆ 640 ಗೀಟು ತುರುಕಿದರೆ ಒಂದೊಂದು ತೆರಪಿಗೆ ಸಿಗುವುದು 0.0635 ಮಿಲಿಮೀಟರ್. ಗೆರೆಯ ದಪ್ಪವೇ ಅದರ ಐದು ಪಟ್ಟಿಗಿಂತ ಹೆಚ್ಚಿರುವಾಗ ಆ ತೆರಪು ಕಾಗದದ ಮೇಲೆ ಎಲ್ಲಿ ಉಳಿದೀತು?

ಹಾಗಿದ್ದರೆ ನಕ್ಷೆ ಬರೆದವರ ಪರದೆಯಲ್ಲಿ ಸರಿಯಾಗಿ ಕಂಡದ್ದು ಹೇಗೆ? ಅವರು ಹಿಗ್ಗಿಸಿ ನೋಡುತ್ತಿದ್ದರು. ಒಂದು ಕೋಣೆಯಷ್ಟನ್ನೇ ಪರದೆಯ ತುಂಬ ತಂದುಕೊಂಡರೆ ಆ ಪುಟ್ಟ ಗೀಟುಗಳು ಚೆನ್ನಾಗಿಯೇ ಕಾಣುತ್ತವೆ. ಪರದೆಯ ಮೇಲೆ ಗೆರೆಯನ್ನು ಎಷ್ಟಾದರೂ ಹಿಗ್ಗಿಸಬಹುದು, ಅಚ್ಚಾದ ಕಾಗದವನ್ನು ಹಾಗೆ ಮಾಡಲಾಗದು. ಅವರು ಸುಳ್ಳು ಹೇಳಲಿಲ್ಲ, ಪ್ರಿಂಟರ್ ಕೂಡ ತಪ್ಪು ಮಾಡಲಿಲ್ಲ.

ಇದಕ್ಕೆ ಮದ್ದು 'ಎಲ್‌ಟಿಸ್ಕೇಲ್' ಎಂಬ ಗುಣಕ. ಅದು ನಕ್ಷೆಯಲ್ಲಿರುವ ಎಲ್ಲಾ ಲೈನ್‌ಟೈಪ್‌ಗಳ ಗೀಟು ಮತ್ತು ತೆರಪನ್ನು ಒಟ್ಟಿಗೆ ಹಿಗ್ಗಿಸುತ್ತದೆ. 'ಡ್ಯಾಶ್ಡ್'ಗೆ 25 ಕೊಟ್ಟರೆ ಗೀಟು 317.5 ಮಿಲಿಮೀಟರ್ ಆಗುತ್ತದೆ, 1:100ರ ಕಾಗದದಲ್ಲಿ 3 ಮಿಲಿಮೀಟರಿಗಿಂತ ತುಸು ಹೆಚ್ಚು. ನಾವು ಮಾಡಿದ 'ಮೇಲಿನಬೀಮ್'ಗೆ ಲೆಕ್ಕ ಇನ್ನೂ ಸುಲಭ. ಅದರ ಸಂಖ್ಯೆಗಳು ಕಾಗದದ ಮೇಲೆ ಕಾಣಬೇಕಾದ ಅಳತೆಯೇ ಆಗಿರುವುದರಿಂದ 1:100ಕ್ಕೆ 100, 1:50ಕ್ಕೆ 50 ಕೊಟ್ಟರೆ ಮುಗಿಯಿತು.

ಒಂದೇ ಲಕ್ಷಣ, ಬೇರೆ ಬೇರೆ ಕಾಯಿಲೆ

ಜ್ವರ ಬಂದವರಿಗೆಲ್ಲ ಒಂದೇ ಕಾಯಿಲೆ ಇರುವುದಿಲ್ಲವಲ್ಲ, ಇದೂ ಹಾಗೆ. ಗೆರೆ ಅಖಂಡವಾಗಿ ಕಂಡರೆ ಗೀಟು ತೀರಾ ಚಿಕ್ಕದಾಗಿದೆ ಎಂದೇ ಅರ್ಥವಲ್ಲ. ತೀರಾ ದೊಡ್ಡದಾಗಿದ್ದರೂ ಹಾಗೇ ಕಾಣುತ್ತದೆ.

ಅದೇ ಸೈಟನ್ನು ಮೀಟರಿನಲ್ಲಿ ಬರೆದರೆ 40 ಅಡಿಯ ಬದಿ ಬರೀ 12.192 ಘಟಕ. ಗೀಟು ಒಂದೇ 12.7. ಗೆರೆಗಿಂತ ಗೀಟೇ ಉದ್ದ! ಆಗಲೇ ಹೇಳಿದಂತೆ, ಒಂದು ಸುತ್ತೂ ಹಿಡಿಸದಿದ್ದರೆ ತಂತ್ರಾಂಶ ಅಖಂಡ ಗೆರೆ ಎಳೆಯುತ್ತದೆ. ಇಲ್ಲಿ ಎಲ್‌ಟಿಸ್ಕೇಲ್ ಹೆಚ್ಚಿಸಿದಷ್ಟೂ ಕಾಯಿಲೆ ಉಲ್ಬಣಿಸುತ್ತದೆ. 1:100ಕ್ಕೆ ಬೇಕಾದದ್ದು 0.025ರಂತಹ ಚಿಕ್ಕ ಸಂಖ್ಯೆ.

ಅಡಿ ಮತ್ತು ಇಂಚಿನಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಆಟೋಕ್ಯಾಡ್ ಜೊತೆ ಎರಡು ಲಿನ್ ಕಡತಗಳು ಬರುತ್ತವೆ, ಒಂದು ಇಂಚಿಗೆ, ಇನ್ನೊಂದು ಮೆಟ್ರಿಕ್‌ಗೆ. ಎರಡರಲ್ಲೂ 'ಡ್ಯಾಶ್ಡ್' ಇದೆ. ಒಂದರಲ್ಲಿ ಗೀಟು 0.5, ಇನ್ನೊಂದರಲ್ಲಿ 12.7. ಹೆಸರು ಒಂದೇ, ಅಳತೆಯಲ್ಲಿ 25.4 ಪಟ್ಟು ವ್ಯತ್ಯಾಸ. ಯಾವ ಕಡತದಿಂದ ಲೋಡ್ ಮಾಡಿದ್ದೀರಿ ಎಂದು ನೋಡಿಕೊಳ್ಳದಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಮೂರನೆಯದು ಎರಡೆರಡು ಸಲ ಔಷಧಿ ಕುಡಿದಂತೆ. 'ಪಿಎಸ್‌ಎಲ್‌ಟಿಸ್ಕೇಲ್' ಎಂಬ ಇನ್ನೊಂದು ಆಯ್ಕೆ ಇದೆ. ಅದು 1 ಆಗಿದ್ದರೆ, ಲೇಔಟ್ ಹಾಳೆಯಲ್ಲಿ ಕಿಟಕಿಯ ಸ್ಕೇಲ್ ಎಷ್ಟೇ ಇರಲಿ, ಗೀಟಿನ ಅಳತೆಯನ್ನು ಕಾಗದದ ಅಳತೆಯಾಗಿ ತಂತ್ರಾಂಶವೇ ಹೊಂದಿಸುತ್ತದೆ. ಆಗ ಎಲ್‌ಟಿಸ್ಕೇಲ್ 1 ಇದ್ದರೆ ಸಾಕು. ಅದರ ಮೇಲೆ 100 ಎಂದೂ ಕೊಟ್ಟರೆ 4.2 ಮಿಲಿಮೀಟರಿನ ಗೀಟು ಕಾಗದದ ಮೇಲೆ 42 ಸೆಂಟಿಮೀಟರ್ ಆಗಿ ಕೂರುತ್ತದೆ. ಎ3 ಹಾಳೆಯ ಉದ್ದವೇ ಅಷ್ಟು! ಎರಡರಲ್ಲಿ ಒಂದೇ ದಾರಿ ಹಿಡಿಯಬೇಕು.

ಸ್ಕೇಲ್ ಸರಿಯಿದ್ದರೂ ತೆರಪು ಕಾಣದಿದ್ದರೆ?

ಇನ್ನು ಮೂರು ಸಾಧ್ಯತೆಗಳನ್ನು ನೋಡಿ.

ಒಂದು, ಪಾಲಿಲೈನ್. ಬಾಗಿದ ಕಾಂಪೌಂಡ್ ಗೋಡೆ ಅಥವಾ ಎತ್ತರ ತೋರಿಸುವ ಕಾಂಟೂರ್ ಗೆರೆಯಲ್ಲಿ ನೂರಾರು ಪುಟ್ಟ ತುಂಡುಗಳಿರುತ್ತವೆ. 'ಪಿಲೈನ್‌ಜೆನ್' ಸೊನ್ನೆಯಾಗಿದ್ದರೆ ಪ್ರತಿ ತುಂಡಿಗೂ ಗೀಟಿನ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ತುಂಡು ಚಿಕ್ಕದಿದ್ದರೆ ತೆರಪಿಗೆ ಸರದಿಯೇ ಬರುವುದಿಲ್ಲ. ಅದನ್ನು 1 ಮಾಡಿದರೆ ಹೊಸದಾಗಿ ಎಳೆಯುವ ಪಾಲಿಲೈನ್‌ಗಳಲ್ಲಿ ಗೀಟು ಮೊದಲಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಸಾಗುತ್ತದೆ. ಈಗಾಗಲೇ ಎಳೆದವಕ್ಕೆ ಪ್ರಾಪರ್ಟೀಸ್‌ನಲ್ಲಿ ಬದಲಿಸಬೇಕು.

ಎರಡು, ಗೆರೆಯ ಮೇಲೆ ಗೆರೆ. ಕಾಪಿ ಮಾಡುವಾಗ ಅದೇ ಜಾಗದಲ್ಲಿ ಉದ್ದ ಬೇರೆಯಿರುವ ಇನ್ನೊಂದು ತುಂಡುಗೆರೆ ಕೂತರೆ ಒಂದರ ತೆರಪನ್ನು ಇನ್ನೊಂದರ ಗೀಟು ಮುಚ್ಚಿಬಿಡುತ್ತದೆ. ಇಂತಹ ನಕಲುಗಳನ್ನು ತೆಗೆಯಲು 'ಓವರ್‌ಕಿಲ್' ಆದೇಶವಿದೆ.

ಮೂರು, ದಪ್ಪ. 0.35ರ ಗೆರೆಗೆಂದು ಮಾಡಿದ ಲೈನ್‌ಟೈಪನ್ನು 0.7 ದಪ್ಪದಲ್ಲಿ, ತುದಿ ದುಂಡಗಿರುವಂತೆ ಪ್ರಿಂಟ್ ಮಾಡಿದರೆ ಪ್ರತಿ ಗೀಟೂ ಎರಡೂ ಕಡೆ 0.35 ಮಿಲಿಮೀಟರ್ ಉಬ್ಬುತ್ತದೆ. 1.05 ಇದ್ದ ತೆರಪು 0.35ಕ್ಕೆ ಇಳಿಯುತ್ತದೆ. ಅದನ್ನು ಕುಗ್ಗಿಸಿ ಝೆರಾಕ್ಸ್ ಮಾಡಿದರೆ ಮುಗಿಯಿತು ಕತೆ.

ಕೆಲವು ತಪ್ಪು ಕಲ್ಪನೆಗಳು

"ಲಿನ್ ಕಡತ ಕಳಿಸದಿದ್ದರೆ ಬೇರೆಯವರ ಕಂಪ್ಯೂಟರಿನಲ್ಲಿ ನನ್ನ ತುಂಡುಗೆರೆ ಕಾಣುವುದಿಲ್ಲ." ಗೀಟು, ತೆರಪು, ಚುಕ್ಕೆಗಳಷ್ಟೇ ಇರುವ ಲೈನ್‌ಟೈಪ್ ಒಮ್ಮೆ ಲೋಡ್ ಆದರೆ ನಕ್ಷೆಯ ಕಡತದೊಳಗೇ ಉಳಿಯುತ್ತದೆ. ಲಿನ್ ಕಡತ ಕಳಿಸಬೇಕಿಲ್ಲ. ಬೇಲಿಯಂತಹ ಆಕೃತಿಗಳಿರುವ ಲೈನ್‌ಟೈಪ್‌ಗೆ ಮಾತ್ರ ಆ ಆಕೃತಿಗಳಿರುವ 'ಎಸ್‌ಎಚ್‌ಎಕ್ಸ್' ಕಡತವನ್ನೂ ಜೊತೆಗೆ ಕಳಿಸಬೇಕು.

"ಲಿನ್ ಕಡತ ತಿದ್ದಿದರೆ ಹಳೆಯ ನಕ್ಷೆಗಳೆಲ್ಲ ತಾವಾಗಿಯೇ ಬದಲಾಗುತ್ತವೆ." ಇಲ್ಲ. ನಕ್ಷೆಯೊಳಗಿರುವುದು ಹಳೆಯ ಪ್ರತಿ. ಅದನ್ನು ಮತ್ತೆ ಲೋಡ್ ಮಾಡಿದರೆ ಮಾತ್ರ ಬದಲಾಗುತ್ತದೆ.

"ನಾನೇ ಮಾಡಿದ ಗೆರೆ, ಅರ್ಥವನ್ನೂ ನಾನೇ ಇಟ್ಟುಕೊಳ್ಳಬಹುದು." ಇಟ್ಟುಕೊಳ್ಳಬಹುದು, ಆದರೆ ಓದುವವರಿಗೆ ತಿಳಿಸಬೇಕು. ಉದ್ದ ಗೀಟು, ನಂತರ ಎರಡು ಚುಕ್ಕೆ ಎಂಬ ಮಾದರಿಗೆ ಮಾನಕದಲ್ಲಿ ಆಗಲೇ ಅರ್ಥವಿದೆ. ಪಕ್ಕದ ಭಾಗವನ್ನು ಅಥವಾ ಚಲಿಸುವ ಭಾಗದ ಇನ್ನೊಂದು ನೆಲೆಯನ್ನು ತೋರಿಸಲು ಅದನ್ನು ಬಳಸುತ್ತಾರೆ. ಅದನ್ನೇ ಎತ್ತಿಕೊಂಡು ನೀರಿನ ಕೊಳವೆಗೆ ಬಳಸಿದರೆ ಗೊಂದಲ ಖಚಿತ. ರೂಢಿಯಲ್ಲಿರುವುದು ಸಾಕಾಗುವ ಕಡೆ ಹೊಸದು ಬೇಡ. ಹೊಸದು ಬೇಕೇ ಆದರೆ ಹಾಳೆಯ ಮೂಲೆಯಲ್ಲಿ ಸಂಕೇತಗಳ ಪಟ್ಟಿ ಇರಲಿ.

ಪ್ರಿಂಟ್ ಕೊಡುವ ಮುನ್ನ

ಪರದೆಯನ್ನು ನಂಬಬೇಡಿ. ಅಂತಿಮ ಸ್ಕೇಲ್‌ನಲ್ಲೇ ಒಂದು ಹಾಳೆ ತೆಗೆದು, ಅದರ ಕಪ್ಪು ಬಿಳುಪು ಝೆರಾಕ್ಸ್ ಮಾಡಿಸಿ, ಕೈಯಳತೆಯ ದೂರದಲ್ಲಿ ಹಿಡಿದು ನೋಡಿ. ಗೀಟು ಮತ್ತು ತೆರಪು ಬೇರೆ ಬೇರೆಯಾಗಿ ಕಾಣುತ್ತಿವೆಯೇ? ಒಂದು ಗೀಟಿನ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಅಳೆಯಿರಿ. 4 ಮಿಲಿಮೀಟರ್ ಚಿಲ್ಲರೆ ಬಂದರೆ ನಿಮ್ಮ ಲೆಕ್ಕ ಸರಿ ಎಂದರ್ಥ. ಮನೆ ಕಟ್ಟಿಸುವವರು ನೀವಾಗಿದ್ದರೆ ಕ್ಯಾಡ್ ಕಲಿಯಬೇಕಿಲ್ಲ. "ಇದರಲ್ಲಿ ತುಂಡುಗೆರೆ ಯಾವುದಕ್ಕೆ ಬಳಸಿದ್ದೀರಿ? ತೋರಿಸಿ" ಎಂದು ನಕ್ಷೆ ಕೊಟ್ಟವರನ್ನು ಒಮ್ಮೆ ಕೇಳಿ. ಬೀಮ್, ಲಾಫ್ಟ್, ಸಂಪ್ ಇರುವ ಮನೆಯ ಪ್ಲ್ಯಾನ್‌ನಲ್ಲಿ ಒಂದೂ ತುಂಡುಗೆರೆ ಕಾಣದಿದ್ದರೆ ಎಲ್ಲೋ ಏನೋ ಮಾಯವಾಗಿದೆ ಎಂದೇ ಲೆಕ್ಕ.

ನಮ್ಮ ಪರಿಚಯದವರ ಮನೆಯ ನಕ್ಷೆ ಮತ್ತೆ ಪ್ರಿಂಟ್ ಆಗಿ ಬಂತು. ಬದಲಾದದ್ದು ಒಂದೇ ಸಂಖ್ಯೆ. ಹೊಸ ಹಾಳೆ ನೋಡಿದ ಮೇಸ್ತ್ರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. "ಓ, ಬೀಮಾ?" ಎಂದವರೇ ಕಾಲಿನಿಂದ ಸುಣ್ಣದ ಗುರುತನ್ನು ಅಳಿಸಿದರು.